ಮೊದಲು ಕೋಣೆ, ಆಮೇಲೆ ಲೈಟು

ಸ್ಟುಡಿಯೋ ಫ್ಲಾಶ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದು ಎಷ್ಟು ವಾಟ್?" ಎಂದು. ಇನ್ನೂರರದ್ದು ಸಾಕೇ, ನಾನೂರರದ್ದು ಬೇಕೇ, ಆರುನೂರರದ್ದೇ ತೆಗೆದುಕೊಂಡರೆ ಮುಂದಕ್ಕೂ ಆದೀತೇ? ಈ ಪ್ರಶ್ನೆ ಕಟ್ಟಕಡೆಗೆ ಬರಬೇಕಾದದ್ದು. ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳದಂಥ ಪೇಟೆಗಳಲ್ಲಿ ಸ್ಟುಡಿಯೋ ಅಂದರೆ ಹೆಚ್ಚಾಗಿ ಅಂಗಡಿ ಕಟ್ಟಡದ ಮಾಳಿಗೆಯ ಒಂದು ಕೋಣೆ. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರ, ಸುತ್ತ ಬಿಳಿ ಬಣ್ಣದ ಗೋಡೆ. ಮನೆಯ ಚಾವಡಿಯಲ್ಲೇ ಮಾಡಿಕೊಂಡವರಿಗಾದರೆ ಕೆಳಗೆ ಕಾವಿ ನೆಲ, ಒಂದು ಬದಿಗೆ ಗಾರೆ ಮಾಡದ ಮುರಕಲ್ಲಿನ ಗೋಡೆ. ಇಂಥ ಕೋಣೆಯಲ್ಲಿ ಬೆಳಕು ಸಾಲದೆ ಚಿತ್ರ ಕೆಡುವುದು ಅಪರೂಪ. ಬೇಡದ ಕಡೆಗೆಲ್ಲ ಬೆಳಕು ಹೋಗಿ ಬಡಿದು ವಾಪಸು ಬರುವುದರಿಂದಲೇ ಕೆಡುವುದು. ಹಾಗಾಗಿ ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಬೆಳಕನ್ನು ಹಿಡಿದು ನಿಲ್ಲಿಸುವ ಸಾಮಾನಿಗೆ ಹೋಗಬೇಕು, ಉಳಿದದ್ದು ಫ್ಲಾಶಿಗೆ.

ಕೋಣೆ ಎಷ್ಟು ಬೆಳಕು ಕದಿಯುತ್ತದೆ, ಎಷ್ಟು ಸೇರಿಸುತ್ತದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಗಿರಾಕಿ ಕೂರುವ ಸ್ಟೂಲಿನ ಮೇಲೆ, ಮುಖದ ಎತ್ತರಕ್ಕೆ, ಒಂದು ಬಿಳಿ ಥರ್ಮೋಕೋಲ್ ಚೆಂಡು ಇಡಿ. ಒಂದೇ ಲೈಟನ್ನು ಒಂದು ಬದಿಯಲ್ಲಿ, ಚೆಂಡಿಗೆ ಅಡ್ಡಲಾಗಿ ಹಾಯುವಂತೆ ನಿಲ್ಲಿಸಿ, ಒಂದು ಚಿತ್ರ ತೆಗೆಯಿರಿ. ಆಮೇಲೆ ನೆರಳಿನ ಬದಿಗೆ, ಚೆಂಡಿನಿಂದ ಎರಡು ಅಡಿ ದೂರದಲ್ಲಿ ಕಪ್ಪು ಬಟ್ಟೆ ಹಿಡಿದು ಅದೇ ಸೆಟ್ಟಿಂಗಿನಲ್ಲಿ ಇನ್ನೊಂದು. ಎರಡನೆಯದರಲ್ಲಿ ನೆರಳು ಒಂದು ಸ್ಟಾಪಿಗಿಂತ (ಬೆಳಕು ಅರ್ಧಕ್ಕೆ ಇಳಿದರೆ ಅಥವಾ ಇಮ್ಮಡಿಯಾದರೆ ಒಂದು ಸ್ಟಾಪು) ಹೆಚ್ಚು ಕಪ್ಪಾದರೆ, ಎದುರಿನ ಬಿಳಿ ಗೋಡೆ ನಿಮಗೆ ಗೊತ್ತಿಲ್ಲದೆ ಎರಡನೇ ಲೈಟಿನ ಕೆಲಸ ಮಾಡುತ್ತಿದೆ ಎಂದರ್ಥ. ಅಷ್ಟೇ ಅಲ್ಲ, ಚೆಂಡಿನ ಅಡಿಭಾಗವನ್ನು ದೊಡ್ಡದು ಮಾಡಿ ನೋಡಿ. ಕಾವಿ ನೆಲ ಇದ್ದಲ್ಲಿ ಅಲ್ಲೊಂದು ನಸುಗೆಂಪು ಕಾಣುತ್ತದೆ. ಅದೇ ಕೆಂಪು ಗಲ್ಲದ ಕೆಳಗೆ, ಬಿಳಿ ಅಂಗಿಯ ಕಾಲರಿನಲ್ಲಿ, ಮದುಮಗಳ ಕತ್ತಿನಲ್ಲಿ ಬರುವುದು. ಇದನ್ನು ವೈಟ್ ಬ್ಯಾಲೆನ್ಸಿನಿಂದ ಸರಿ ಮಾಡಲಾಗದು, ಏಕೆಂದರೆ ಮುಖದ ಮೇಲ್ಭಾಗಕ್ಕೆ ಒಂದು ಬಣ್ಣ, ಕೆಳಭಾಗಕ್ಕೆ ಇನ್ನೊಂದು ಬಣ್ಣ ಬಿದ್ದಿರುತ್ತದೆ. ಮದ್ದು ಸರಳ: ಕೂರುವ ಜಾಗದ ಸುತ್ತ ಆರಡಿಗೆ ಬೂದು ಅಥವಾ ಕಪ್ಪು ಚಾಪೆ ಹಾಸಿ.

ಗೋಡೆಗೆ ಕಪ್ಪು ಪರದೆ ಬೇಕು. ಹೊಳಪಿಲ್ಲದ ದಪ್ಪ ಹತ್ತಿ ಬಟ್ಟೆ ಆಗಬೇಕು, ಸ್ಯಾಟಿನ್ ಬೇಡ. ಸ್ಯಾಟಿನ್ ಕಪ್ಪಾಗಿದ್ದರೂ ಓರೆಯಾಗಿ ಬಿದ್ದ ಬೆಳಕನ್ನು ಮಿಂಚಿಸಿ ವಾಪಸು ಕಳಿಸುತ್ತದೆ. ಎರಡು ಬದಿಗೂ ಪರದೆಯ ರಾಡು ಹಾಕಿಸಿಕೊಂಡರೆ ಮಗುವಿನ ಚಿತ್ರಕ್ಕೆ ಪರದೆ ಸರಿಸಿ ಬಿಳಿ ಗೋಡೆ, ಗಂಭೀರ ಭಾವಚಿತ್ರಕ್ಕೆ ಪರದೆ ಎಳೆದು ಕಪ್ಪು ಗೋಡೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಕೊಡುವ ಬೇರೆ ಸಾಮಾನು ಸ್ಟುಡಿಯೋದಲ್ಲಿ ಇಲ್ಲ.

ಇನ್ನು ಫ್ಲಾಶಿನ ಬೆಳಕು ಹರಡಲು ಬಳಸುವ ಕೊಡೆಯ ವಿಚಾರ. ಅಂಬ್ರೆಲಾ ಅಗ್ಗ, ಮಡಚಿದರೆ ಕಂಕುಳಲ್ಲಿ ಹಿಡಿಸುತ್ತದೆ, ಸಭಾಂಗಣದ ಗುಂಪುಚಿತ್ರಕ್ಕೆ ಅದನ್ನು ಮೀರಿಸುವುದು ಕಷ್ಟ. ಆದರೆ ಸಣ್ಣ ಕೋಣೆಯಲ್ಲಿ ಅದು ತೊಂದರೆಯೇ. ಬಿಳಿ ಬಟ್ಟೆಯ, ಬೆಳಕು ತೂರಿಹೋಗುವ ಕೊಡೆಯಲ್ಲಿ ಸಾಕಷ್ಟು ಬೆಳಕು ಹಿಂದಕ್ಕೆ ಚಿಮ್ಮಿ ಗೋಡೆ, ಮಾಡು ಎಲ್ಲ ಕಡೆ ತುಂಬುತ್ತದೆ. ಕೊಡೆಯನ್ನು ಎಲ್ಲಿಟ್ಟರೂ ಚಿತ್ರ ಒಂದೇ ಥರ ಬರುತ್ತದೆ, ಏಕೆಂದರೆ ಆಗ ಬೆಳಗುತ್ತಿರುವುದು ಇಡೀ ಕೋಣೆ. ಕೊಡೆಯೇ ಬೇಕೆಂದರೆ ಹೊರಗೆ ಕಪ್ಪು, ಒಳಗೆ ಬಿಳಿ ಇರುವ ಪ್ರತಿಫಲಿಸುವ ಕೊಡೆ ತೆಗೆದುಕೊಳ್ಳಿ. ಅದರ ದಂಡದ ದಪ್ಪ ನೋಡಿ: ಬೋವೆನ್ಸ್ ಮೌಂಟಿನ (ಬಾಕ್ಸು ಕೂರಿಸುವ ಕೊಕ್ಕೆಯ ಒಂದು ಮಾದರಿ) ಲೈಟುಗಳಿಗೆ 8 ಮಿ.ಮೀ., ಎಲಿಂಕ್ರೋಮ್ ಕಂಪನಿಯ ಬಹಳಷ್ಟು ಲೈಟುಗಳಿಗೆ 7. ಎಂಟರ ದಂಡ ಏಳರ ತೂತಿಗೆ ಹೋಗುವುದಿಲ್ಲ.

ಗ್ರಿಡ್ (ಬೆಳಕು ಬದಿಗೆ ಹರಡದಂತೆ ತಡೆಯುವ ಜಾಲರಿ) ಸಮೇತ ಬರುವ ಸಾಫ್ಟ್‌ಬಾಕ್ಸ್ (ಫ್ಲಾಶಿನ ಮುಂದೆ ಬಿಳಿ ಪರದೆ ಕಟ್ಟಿದ ಪೆಟ್ಟಿಗೆ) ಅಥವಾ ಎಂಟು ಮೂಲೆಯ ಆಕ್ಟಾಬಾಕ್ಸ್ ಇಂಥ ಕೋಣೆಗೆ ಮೊದಲ ಆಯ್ಕೆ. ಅಳತೆ ಎಷ್ಟು? ಬೆಳಕಿನ ಮೃದುತ್ವ ನಿಂತಿರುವುದು ಮುಖದಿಂದ ನೋಡಿದಾಗ ಬಾಕ್ಸು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ. 90 ಸೆಂ.ಮೀ. ಆಕ್ಟಾ ಒಂದು ಮೀಟರ್ ದೂರದಲ್ಲಿ ಕೊಡುವ ನೆರಳಿನ ಅಂಚನ್ನೇ 180 ಸೆಂ.ಮೀ.ನದ್ದು ಎರಡು ಮೀಟರಿನಲ್ಲಿ ಕೊಡುತ್ತದೆ. ಬಾಕ್ಸಿನ ಅಗಲ ಎಷ್ಟೋ ಸುಮಾರು ಅಷ್ಟೇ ದೂರದಲ್ಲಿ ಇಟ್ಟರೆ ಒಬ್ಬರ ಭಾವಚಿತ್ರಕ್ಕೆ ಹಿತವಾದ ಬೆಳಕು. ಆದರೆ ಕೋಣೆಯ ಲೆಕ್ಕವನ್ನೂ ಹಾಕಬೇಕು. ನಿಂತವರ ಮುಖಕ್ಕೆ ಮೇಲಿನಿಂದ ಬೆಳಕು ಬೀಳಬೇಕಾದರೆ ಬಾಕ್ಸಿನ ನಡುಭಾಗ ನೆಲದಿಂದ ಎರಡು ಮೀಟರ್ ಮೇಲಿರಬೇಕು. 120ರದ್ದಾದರೆ ಅದರ ಮೇಲಂಚು 2.6 ಮೀಟರಿಗೆ ಬರುತ್ತದೆ, 2.9 ಮೀಟರ್ ಎತ್ತರದ ಕೋಣೆಯಲ್ಲಿ ಓರೆ ಮಾಡಲು ಅಲ್ಪಸ್ವಲ್ಪ ಜಾಗ ಉಳಿಯುತ್ತದೆ. 150ರದ್ದರ ಮೇಲಂಚು 2.75 ಮೀಟರಿಗೆ ಬಂದು ಫ್ಯಾನಿಗೆ ತಾಗುವಂತಾಗುತ್ತದೆ. ಆಳವನ್ನೂ ಮರೆಯಬಾರದು. ಹದಿನಾರು ಕಡ್ಡಿಯ ಆಳವಾದ ಪ್ಯಾರಾಬೋಲಿಕ್ ಬಾಕ್ಸು ನೋಡಲು ಚೆಂದ, ಆದರೆ ಹಿಂದಿನ ಫ್ಲಾಶ್ ಸೇರಿದರೆ ಅದೊಂದೇ ಒಂದು ಮೀಟರ್ ಜಾಗ ನುಂಗುತ್ತದೆ. ಮೂರು ಮೀಟರ್ ಅಗಲದ ಕೋಣೆಯಲ್ಲಿ ಆಮೇಲೆ ಉಳಿಯುವುದೆಷ್ಟು? 90 ಅಥವಾ 95ರ ಆಳವಿಲ್ಲದ ಆಕ್ಟಾ, ಜೊತೆಗೆ 30×120ರ ಒಂದು ಪಟ್ಟಿಯಂಥ ಬಾಕ್ಸು (ಸ್ಟ್ರಿಪ್), ಎರಡಕ್ಕೂ ಬಟ್ಟೆಯ ಗ್ರಿಡ್. ಹತ್ತು ಅಡಿ ಅಗಲದ ಕೋಣೆಗೆ ನಾನು ಹೇಳುವುದು ಇಷ್ಟೇ.

ಬಾಕ್ಸು ತೆಗೆದುಕೊಳ್ಳುವ ಮುಂಚೆ ಅದರ ಮುಖದ್ದೇ ಒಂದು ಚಿತ್ರ ತೆಗೆಯಿರಿ. ಫ್ಲಾಶನ್ನು ಕನಿಷ್ಠ ಬಲಕ್ಕೆ ಇಳಿಸಿ, ಲೆನ್ಸಿನ ಕಿಂಡಿಯನ್ನು ಎಫ್/16 ಅಥವಾ ಇನ್ನೂ ಕಿರಿದು ಮಾಡಿ, ಬಟ್ಟೆ ಸುಟ್ಟ ಬಿಳಿಯಾಗದೆ ಬೂದಾಗಿ ಕಾಣುವಂತೆ. ಒಳಗಿನ ಸಣ್ಣ ಪರದೆ ಮತ್ತು ಹೊರಗಿನ ಪರದೆ ಎರಡೂ ಹಾಕಿದಾಗ ನಡುವಿಗೂ ಅಂಚಿಗೂ ಒಂದು ಸ್ಟಾಪಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ನಡುವಿನಲ್ಲಿ ತಟ್ಟೆಯಷ್ಟು ಜಾಗ ಮಾತ್ರ ಹೊಳೆದು ಅಂಚು ಕಪ್ಪಾಗಿದ್ದರೆ, 90ರ ಬಾಕ್ಸು ಕೊಂಡರೂ ನೀವು ಬಳಸುವುದು 40ರದ್ದನ್ನೇ. ಕ್ಯಾಮೆರಾದ ಮೇಲೆ ಕೂರಿಸುವ ಸಣ್ಣ ಫ್ಲಾಶನ್ನು ದೊಡ್ಡ ಬಾಕ್ಸಿನೊಳಗೆ ಇಟ್ಟವರಿಗೆ ಈ ತೊಂದರೆ ಹೆಚ್ಚು. ಅದರ ಮುಂದಿನ ಗಾಜು ಬೆಳಕನ್ನು ನೇರ ಮುಂದಕ್ಕೆ ತಳ್ಳುತ್ತದೆ, ಬದಿಗೆ ಹರಡುವುದಿಲ್ಲ. ಮಿಂಚುವ ಟ್ಯೂಬು ಹೊರಕ್ಕೆ ಚಾಚಿಕೊಂಡಿರುವ ಫ್ಲಾಶ್ ಬಾಕ್ಸಿನ ಬೆಳ್ಳಿ ಬದಿಗಳನ್ನೂ ಬೆಳಗಿ ತುಂಬುತ್ತದೆ.

ಈಗ ಬಲದ ಲೆಕ್ಕಕ್ಕೆ ಬರೋಣ. ವಾಟ್ ಎಂದು ಅಂಗಡಿಯವರು ಹೇಳುವುದು ವಾಟ್-ಸೆಕೆಂಡ್, ಅಂದರೆ ಜೂಲ್. ಅದು ಇಮ್ಮಡಿಯಾದರೆ ಸಿಗುವುದು ಒಂದೇ ಸ್ಟಾಪು. ಇನ್ನೂರರಿಂದ ನಾನೂರಕ್ಕೆ ಹೋದರೆ ಎಫ್/8 ಇದ್ದದ್ದು ಎಫ್/11 ಆಗುತ್ತದೆ, ಅಷ್ಟೇ. ಗೊಡಾಕ್ಸ್ ಎಸ್‌ಕೆ400ರ ಎರಡನೇ ಆವೃತ್ತಿಯನ್ನು ಉದಾಹರಣೆಗೆ ಹಿಡಿಯಿರಿ. ಮಾಮೂಲಿ ರಿಫ್ಲೆಕ್ಟರ್ ಹಾಕಿ, ಕ್ಯಾಮೆರಾದ ಸೂಕ್ಷ್ಮತೆ ಸೂಚಿಸುವ ಐಎಸ್‌ಒ 100ರಲ್ಲಿ ಅದರ ಗೈಡ್ ನಂಬರ್ (ದೂರಕ್ಕೆ ಭಾಗಿಸಿದರೆ ಎಫ್ ಸಂಖ್ಯೆ ಕೊಡುವ ಅಳತೆ) 65 ಎಂದು ಕಂಪನಿ ಹೇಳುತ್ತದೆ. ಎರಡು ಮೀಟರಿಗೆ ಭಾಗಿಸಿದರೆ ಎಫ್/32. ಎರಡು ಪದರದ ಸಾಫ್ಟ್‌ಬಾಕ್ಸ್ ಸುಮಾರು ಎರಡು ಸ್ಟಾಪು ತಿನ್ನುತ್ತದೆ, ಎಫ್/16 ಉಳಿಯಿತು. ಗ್ರಿಡ್ ಇನ್ನೊಂದು ಸ್ಟಾಪು, ಎಫ್/11. ಇನ್ನೂರರ ಫ್ಲಾಶಾದರೆ ಎಫ್/8. ಪಾಸ್‌ಪೋರ್ಟ್ ಚಿತ್ರಕ್ಕೆ, ಭಾವಚಿತ್ರಕ್ಕೆ, ಬಾಟಲಿಯ ಚಿತ್ರಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು?

ಬಲ ಸಾಲದಿದ್ದರೆ ಐಎಸ್‌ಒ ಏರಿಸಬಹುದು. ಬಲ ಹೆಚ್ಚಾದರೆ ದಾರಿ ಕಡಿಮೆ. ಇದನ್ನು ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ. ಅದೇ ಎಸ್‌ಕೆ400 ಕೆಳಗೆ 1/16ರವರೆಗೆ ಮಾತ್ರ ಇಳಿಯುತ್ತದೆ. ಸಣ್ಣ ಕೋಣೆಯಲ್ಲಿ ಬಾಕ್ಸು ಒಂದು ಮೀಟರ್ ದೂರದಲ್ಲಿದ್ದರೆ, ಕನಿಷ್ಠ ಬಲದಲ್ಲೂ ಎಫ್/8ರಷ್ಟು ಬೆಳಕು. ಹಿನ್ನೆಲೆ ಮಸುಕಾಗಲಿ ಎಂದು ಎಫ್/2.8 ಇಟ್ಟರೆ ಮುಖ ಮೂರು ಸ್ಟಾಪು ಸುಟ್ಟುಹೋಗುತ್ತದೆ. ಆಗ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ8 ಫಿಲ್ಟರ್ ಹಾಕಬೇಕು, ಅದರಿಂದ ಫೋಕಸಿಗೆ ಕಷ್ಟ. 1/128ರವರೆಗೆ ಇಳಿಯುವ ಎಡಿ200ರಂಥ ಬ್ಯಾಟರಿ ಫ್ಲಾಶ್ ಇಂಥಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕರೆಂಟಿನ ಹಂಗೂ ಇಲ್ಲ. ಅದರ ಬ್ಯಾಟರಿ ಪೂರ್ಣ ಬಲದಲ್ಲಿ ಸುಮಾರು 500 ಸಲ ಮಿಂಚುತ್ತದೆ ಎಂದು ಕಂಪನಿಯ ಲೆಕ್ಕ.

ಹೆಚ್ಚು ಬಲ ಬೇಕಾಗುವುದು ಎರಡೇ ಕಡೆ. ಒಂದು, ಬೇಕಲ ಕೋಟೆಯಂಥ ಬಯಲಿನಲ್ಲಿ ಬಿಸಿಲಿಗೆ ಸಮವಾಗಿ ಬೆಳಕು ಕೊಡುವಾಗ. ಇನ್ನೊಂದು, ಮದುವೆ ಹಾಲಿನ ಗುಂಪುಚಿತ್ರ. ಅಲ್ಲಿ 400ರಿಂದ 600 ಇರಲಿ. ಗುಂಪಿಗೆ ಎರಡು ದೊಡ್ಡ ಕೊಡೆಗಳನ್ನು ಎರಡು ತುದಿಯಲ್ಲಿ ಇಟ್ಟರೆ ಅಂಚಿನಲ್ಲಿ ನಿಂತವರ ನೆರಳು ಪಕ್ಕದವರ ಮುಖಕ್ಕೆ ಬೀಳುತ್ತದೆ. ಎರಡನ್ನೂ ಕ್ಯಾಮೆರಾದ ಹತ್ತಿರಕ್ಕೆ ತಂದು, ಎತ್ತರಕ್ಕೆ ಏರಿಸಿ, ನಾಲ್ಕೈದು ಮೀಟರ್ ಹಿಂದೆ ಸರಿಸಿ.

ಹಿಂದೆ ಸರಿಸುವುದೇಕೆ? ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟು ಮೊದಲನೆಯವರಿಂದ ಒಂದು ಮೀಟರ್, ಮೂರನೆಯವರಿಂದ ಎರಡು ಮೀಟರ್ ಇದ್ದರೆ ಮೂರನೆಯವರ ಮುಖ ಎರಡು ಸ್ಟಾಪು ಕಪ್ಪು. ನಾಲ್ಕು ಮೀಟರ್, ಐದು ಮೀಟರ್ ಆದರೆ ವ್ಯತ್ಯಾಸ ಮುಕ್ಕಾಲು ಸ್ಟಾಪೂ ಇಲ್ಲ. ಒಬ್ಬರ ಚಿತ್ರದಲ್ಲಿ ಇದೇ ನಿಯಮ ಲಾಭಕ್ಕೆ ಬರುತ್ತದೆ. ಗೋಡೆ ಬೆನ್ನಿನಿಂದ ಒಂದೂವರೆ ಮೀಟರ್ ಹಿಂದಿದೆ ಅನ್ನಿ. ಲೈಟು ಮುಖಕ್ಕೆ ಒಂದು ಮೀಟರ್ ಇದ್ದಾಗ ಅದೇ ಬಿಳಿ ಗೋಡೆ ಎರಡೂವರೆ ಸ್ಟಾಪಿಗಿಂತ ಹೆಚ್ಚು ಕಪ್ಪಾಗಿ, ಗಾಢ ಬೂದಾಗಿ ಬರುತ್ತದೆ. ಲೈಟನ್ನು ಎರಡು ಮೀಟರಿಗೆ ಸರಿಸಿದರೆ ಒಂದೂವರೆ ಸ್ಟಾಪಿನ ಆಸುಪಾಸು, ತಿಳಿ ಬೂದು. ಹಿನ್ನೆಲೆಗೆಂದು ನಾಲ್ಕು ಬಣ್ಣದ ಕಾಗದ ಕೊಳ್ಳುವ ಮೊದಲು ಒಂದೇ ಗೋಡೆಯಲ್ಲಿ ಎಷ್ಟು ಬೂದು ಸಿಗುತ್ತದೆ ಎಂದು ನೋಡುವುದು ಒಳ್ಳೆಯದು.

ಏನನ್ನು ತೆಗೆಯುತ್ತೇವೆ ಎನ್ನುವುದರ ಮೇಲೆ ಆಯ್ಕೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಊರಿನ ಎರಡು ವಸ್ತುಗಳನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ಯಕ್ಷಗಾನದ ವೇಷ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಸ್ಟುಡಿಯೋ ಇಟ್ಟವರಿಗೆ ವೇಷದ ಚಿತ್ರ ತೆಗೆಯುವ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಕಿರೀಟದಲ್ಲಿ ಬೇಗಡೆ, ಕನ್ನಡಿ ಚೂರು, ಮಣಿ ತುಂಬಿರುತ್ತವೆ. ಅವು ಒಂದೊಂದೂ ಬೇರೆ ಬೇರೆ ಕೋನಕ್ಕೆ ತಿರುಗಿದ ಪುಟ್ಟ ಕನ್ನಡಿಗಳು. ಕನ್ನಡಿ ಬೆಳಕನ್ನು ಹರಡುವುದಿಲ್ಲ, ಬೆಳಕಿನ ಮೂಲವನ್ನೇ ತೋರಿಸುತ್ತದೆ. ಸಣ್ಣ ರಿಫ್ಲೆಕ್ಟರಿನ ಲೈಟು ಇಟ್ಟರೆ ನಾಲ್ಕಾರು ಚೂರು ಮಾತ್ರ ಸುಟ್ಟ ಬಿಳಿ ಚುಕ್ಕೆಗಳಾಗಿ ಉಳಿದದ್ದೆಲ್ಲ ಕಪ್ಪಾಗುತ್ತದೆ, ಚಿನ್ನದ ಬಣ್ಣ ಎಲ್ಲಿಯೂ ಕಾಣುವುದಿಲ್ಲ. 120ರ ಆಕ್ಟಾ ಹತ್ತಿರ ತಂದರೆ ಹೆಚ್ಚು ಚೂರುಗಳಿಗೆ ಅದು ಕಾಣುತ್ತದೆ, ಪ್ರತಿಯೊಂದೂ ಮಿತವಾಗಿ ಹೊಳೆಯುತ್ತದೆ, ಬೇಗಡೆಯ ಬಣ್ಣ ಉಳಿಯುತ್ತದೆ. ಲೆನ್ಸಿಗೆ ಪೋಲರೈಸರ್ ಹಾಕಿ ಹೊಳಪು ಕಡಿಮೆ ಮಾಡುತ್ತೇನೆಂದರೆ ಆಗದು. ಲೋಹದ ಹೊಳಪಿನ ಮೇಲೆ ಅದೊಂದರಿಂದ ಹೆಚ್ಚೇನೂ ನಡೆಯುವುದಿಲ್ಲ.

ಆದರೆ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಮುಖಕ್ಕೆ ಅದೇ ದೊಡ್ಡ ಬೆಳಕು ಎದುರಿನಿಂದ ಬಿದ್ದರೆ ಚುಟ್ಟಿ ಸತ್ತುಹೋಗುತ್ತದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಇಟ್ಟು ಎಬ್ಬಿಸಿದ ಆ ಬಿಳಿ ಮುಳ್ಳುಗಳು ಮುಖದಿಂದ ಮೇಲೆದ್ದು ನಿಂತಿರುವಂಥವು. ಗಂಟೆಗಟ್ಟಲೆ ಕೂತು ಮಾಡಿದ ಆ ಕೆಲಸ ಚಿತ್ರದಲ್ಲಿ ಬರೀ ಬಿಳಿ ಚುಕ್ಕೆಯಾಗಬಾರದು. ಒಂದೊಂದು ಮುಳ್ಳಿಗೂ ಅದರದೇ ನೆರಳು ಸಿಕ್ಕಬೇಕು. ಅದಕ್ಕೆ ಆಕ್ಟಾವನ್ನು ಮುಂದಿನಿಂದ ಸ್ವಲ್ಪ ಮೇಲಕ್ಕೆ, ಕಡಿಮೆ ಬಲದಲ್ಲಿ ಇಟ್ಟು, ಗ್ರಿಡ್ ಹಾಕಿದ ಸ್ಟ್ರಿಪ್ಪನ್ನು ಕೆನ್ನೆಯ ಬದಿಯಿಂದ, ಕಿವಿಗಿಂತ ಕೊಂಚ ಹಿಂದಿನಿಂದ ಒಂದು ಸ್ಟಾಪು ಹೆಚ್ಚು ಕೊಡಿ. ಗ್ರಿಡ್ ಇಲ್ಲದಿದ್ದರೆ ಸ್ಟ್ರಿಪ್ಪಿನ ಬೆಳಕು ನೇರ ಲೆನ್ಸಿಗೆ ಹೊಡೆದು ಚಿತ್ರವೆಲ್ಲ ಮಂಜಾಗುತ್ತದೆ. ಚುಟ್ಟಿಯ ಬಿಳಿಯನ್ನೇ ನೋಡಿ ಎಕ್ಸ್‌ಪೋಷರ್ ಇಡಿ, ಕೆಂಪು ಕಪ್ಪು ಬಣ್ಣಗಳನ್ನು ಆಮೇಲೆ ಎತ್ತಿಕೊಳ್ಳಬಹುದು. ಬೆವರು ಬಂದ ಮುಖಕ್ಕೆ ಬ್ಯೂಟಿ ಡಿಶ್ (ತಟ್ಟೆಯಂಥ ಲೋಹದ ರಿಫ್ಲೆಕ್ಟರ್) ಬೇಡವೇ ಬೇಡ. ಕರಾವಳಿಯ ಸೆಕೆಯಲ್ಲಿ ಅದು ಹಣೆ ಮೂಗುಗಳನ್ನು ಎಣ್ಣೆ ಹಚ್ಚಿದ ಹಾಗೆ ಮಾಡುತ್ತದೆ.

ಧಿಗಿಣ (ಯಕ್ಷಗಾನದ ಸುತ್ತು ಜಿಗಿತ) ಹಾರುವಾಗಿನ ಚಿತ್ರ ಬೇಕಿದ್ದರೆ ಫ್ಲಾಶ್ ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಮುಖ್ಯ. ಕತ್ತಲ ಕೋಣೆಯಲ್ಲಿ ಚಲನೆಯನ್ನು ನಿಲ್ಲಿಸುವುದು ಕ್ಯಾಮೆರಾದ ಶಟರ್ ಅಲ್ಲ, ಫ್ಲಾಶಿನ ಮಿಂಚು. ಪೆಟ್ಟಿಗೆಯ ಮೇಲೆ ಬರೆದಿರುವುದು ಎಷ್ಟೋ ಸಲ ಟಿ0.5 ಎಂಬ ಅಳತೆ, ಅಂದರೆ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಹೊತ್ತು. ಉಳಿದ ಬಾಲವೂ ಚಿತ್ರದಲ್ಲಿ ಬೀಳುತ್ತದೆ. ಹಳೆ ಮಾದರಿಯ ಫ್ಲಾಶುಗಳಲ್ಲಿ ನಿಜವಾಗಿ ಬೇಕಾದ ಟಿ0.1 ಅದರ ಸುಮಾರು ಮೂರು ಪಟ್ಟು: 1/900 ಎಂದಿದ್ದರೆ 1/300 ಎಂದು ಹಿಡಿಯಿರಿ. ಗೆಜ್ಜೆಯ ಕಾಲು, ಹಾರುವ ಚಲ್ಲಣದ ಅಂಚು 1/300ಕ್ಕೆ ನಿಲ್ಲುವುದಿಲ್ಲ. ಐಜಿಬಿಟಿ (ಮಿಂಚನ್ನು ನಡುವಿನಲ್ಲೇ ಕಡಿಯುವ ಸ್ವಿಚ್ಚು) ಇರುವ ಫ್ಲಾಶುಗಳು ಬಲ ಇಳಿಸಿದಷ್ಟೂ ಬೇಗ ಆರುತ್ತವೆ. ಎಡಿ200 ಪೂರ್ಣ ಬಲದಲ್ಲಿ 1/220 ಸೆಕೆಂಡು, ಕನಿಷ್ಠದಲ್ಲಿ 1/13000. ಆದ್ದರಿಂದ ಬಲ 1/8ಕ್ಕೆ ಇಳಿಸಿ, ಐಎಸ್‌ಒ 400ಕ್ಕೆ ಏರಿಸಿ, ಲೈಟನ್ನು ಹತ್ತಿರ ತನ್ನಿ. ಬಲ ತೀರ ಇಳಿಸಿದರೆ ಬಣ್ಣ ಸ್ವಲ್ಪ ನೀಲಿಗೆ ತಿರುಗುತ್ತದೆ, ಬೂದು ಕಾರ್ಡು ಹಿಡಿದು ವೈಟ್ ಬ್ಯಾಲೆನ್ಸ್ ಹೊಸದಾಗಿ ಇಡಬೇಕು. ಎಲ್‌ಇಡಿ ಇದೆಯಲ್ಲ ಎಂದರೆ, 200 ವಾಟಿನ ಎಲ್‌ಇಡಿ 1/125 ಸೆಕೆಂಡಿನಲ್ಲಿ ಖರ್ಚು ಮಾಡುವುದು 1.6 ಜೂಲ್, ಎದುರಿಗೆ ಫ್ಲಾಶಿನ 400. ದಕ್ಷತೆಯ ವ್ಯತ್ಯಾಸ ಕಳೆದರೂ ಆರೇಳು ಸ್ಟಾಪಿನ ಅಂತರ. ವಿಡಿಯೋಗೆ ಎಲ್‌ಇಡಿ ಬೇಕು, ಧಿಗಿಣಕ್ಕೆ ಫ್ಲಾಶೇ ಬೇಕು. (ತೆಯ್ಯಂ, ಭೂತಕೋಲಗಳ ಕಳದಲ್ಲಿ ಇದ್ಯಾವುದೂ ಬೇಡ. ಅದು ಆರಾಧನೆ, ಅಲ್ಲಿ ಸೂಟೆಯ ಬೆಳಕೇ ಬೆಳಕು.)

ಎರಡನೆಯದು ಕಾಸರಗೋಡು ಸೀರೆ. ಭೌಗೋಳಿಕ ಸೂಚಕ ಪಡೆದ ಈ ಕೈಮಗ್ಗದ ಹತ್ತಿ ಸೀರೆಯನ್ನು ಅಂತರ್ಜಾಲದಲ್ಲಿ ಮಾರಬೇಕಾದರೆ ಚಿತ್ರದಲ್ಲಿ ಎರಡು ಕಾಣಬೇಕು: ಬಣ್ಣ ಇದ್ದದ್ದು ಇದ್ದ ಹಾಗೆ, ನೂಲು ಕೈಗೆ ಸಿಗುವ ಹಾಗೆ. ಒಂದೇ ಬೆಳಕಿನಲ್ಲಿ ಎರಡೂ ಆಗುವುದಿಲ್ಲ, ಎರಡು ಚಿತ್ರ ಬೇಕು. ಬಣ್ಣಕ್ಕೆ ಎರಡು ಸಮಾನ ಸಾಫ್ಟ್‌ಬಾಕ್ಸ್, ಎರಡು ಬದಿಯಿಂದ 45 ಡಿಗ್ರಿಯಲ್ಲಿ, ಎಡದ ಲೈಟಿನ ಮುಖ ಬಲದ ಅಂಚಿಗೆ, ಬಲದ್ದು ಎಡದ ಅಂಚಿಗೆ. ನಾಲ್ಕು ಮೂಲೆ, ಒಂದು ನಡು, ಐದು ಕಡೆ ಬೂದು ಕಾರ್ಡು ಹಿಡಿದು ಚಿತ್ರ ತೆಗೆದು ನೋಡಿ. ಎಲ್ಲ ಕಡೆ ಒಂದೇ ಬೂದು ಬರುವವರೆಗೆ ಲೈಟುಗಳನ್ನು ಹಿಂದಕ್ಕೆ ಸರಿಸಿ. ನೇಯ್ಗೆಗೆ ಸಾಫ್ಟ್‌ಬಾಕ್ಸ್ ಪೂರ್ತಿ ತೆಗೆಯಿರಿ. 7 ಇಂಚಿನ ಮಾಮೂಲಿ ರಿಫ್ಲೆಕ್ಟರ್, ಅದಕ್ಕೆ 20 ಡಿಗ್ರಿಯ ಜೇನುಗೂಡು ಗ್ರಿಡ್, ಬಟ್ಟೆಗೆ ಬಹುತೇಕ ಸಮಾನಾಂತರವಾಗಿ ಎರಡು ಮೀಟರ್ ದೂರದಿಂದ ಬೆಳಕು ಸವರಿಕೊಂಡು ಹೋಗಲಿ. ಹಾಸು ಹೊಕ್ಕು ಎರಡೂ ಎದ್ದು ಕಾಣುತ್ತವೆ. ಬೆಳಕಿನ ದಿಕ್ಕು ಹಾಸು ನೂಲಿಗೆ ನೇರ ಆಗದೆ ಓರೆಯಾಗಿರಲಿ, ಇಲ್ಲದಿದ್ದರೆ ಒಂದೇ ದಿಕ್ಕಿನ ನೂಲು ಮಾತ್ರ ತೋರುತ್ತದೆ. ಇಸ್ತ್ರಿ ಸರಿಯಿಲ್ಲದ ಪ್ರತಿ ಸುಕ್ಕೂ ಇದರಲ್ಲಿ ಬೀಳುತ್ತದೆ, ಆದ್ದರಿಂದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಬೇಕು.

ಬಿಳಿ ಮುಂಡು ಫ್ಲಾಶಿನಲ್ಲಿ ನೀಲಿ ಹೊಡೆಯುವುದಕ್ಕೂ ಕಾರಣ ಇದೆ. ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವ ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆ ಅತಿನೇರಳೆ ಕಿರಣ ಬಿದ್ದಾಗ ನೀಲಿಯಾಗಿ ಬೆಳಗುತ್ತದೆ. ಅತಿನೇರಳೆ ತಡೆಯುವ ಲೇಪ ಇಲ್ಲದ ಅಗ್ಗದ ಟ್ಯೂಬಿನಲ್ಲಿ ಇದು ಹೆಚ್ಚು. ಮುಖದ ಬಣ್ಣ ಸರಿಯಿದ್ದು ಮುಂಡು ಮಾತ್ರ ನೀಲಿಯಾದರೆ ಟ್ಯೂಬಿನ ಮೇಲೆ ಸಂಶಯ ಪಡಿ.

ಕ್ಯಾಮೆರಾದ ಜೊತೆಗೇ ಫ್ಲಾಶ್ ಹಾರಿಸುವ ಟ್ರಿಗರಿನ ತಕರಾರುಗಳು ಬೇಗ ಮುಗಿಯುವಂಥವು. ಚಿತ್ರದ ಒಂದಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಹೆಚ್ಚಾಗಿದೆ, 1/160ಕ್ಕೆ ಇಳಿಸಿ. ಕ್ಯಾಮೆರಾದ ಫ್ಲಾಶ್ ಕಂಡು ಸ್ಟುಡಿಯೋ ಫ್ಲಾಶ್ ಮಿಂಚಿದರೂ ಚಿತ್ರ ಕಪ್ಪು ಬಂದರೆ, ಟಿಟಿಎಲ್‌ನಲ್ಲಿ (ಕ್ಯಾಮೆರಾ ತಾನೇ ಫ್ಲಾಶಿನ ಬೆಳಕು ಅಳೆಯುವ ವ್ಯವಸ್ಥೆ) ಮುಂಚೆ ಬರುವ ಸಣ್ಣ ಮಿಂಚಿಗೇ ಅದು ಹಾರಿಹೋಗಿದೆ. ಕ್ಯಾಮೆರಾದ ಫ್ಲಾಶನ್ನು ಮ್ಯಾನುಯಲ್ ಮಾಡಿ, ಇಲ್ಲವೇ ರೇಡಿಯೋ ಟ್ರಿಗರ್ ಬಳಸಿ. ಕೆಲಸ ಶುರುಮಾಡುವ ಮುಂಚೆ ಫ್ಲಾಶ್ ಆಫ್ ಮಾಡಿ ಅದೇ ಸೆಟ್ಟಿಂಗಿನಲ್ಲಿ ಒಂದು ಚಿತ್ರ: ಪೂರ್ತಿ ಕಪ್ಪು ಬರಬೇಕು. ಏನಾದರೂ ಕಂಡರೆ ಕಿಟಕಿಯ ಬೆಳಕೋ ಟ್ಯೂಬ್‌ಲೈಟೋ ಒಳಗೆ ನುಗ್ಗುತ್ತಿದೆ.

ಮೌಂಟು ಬೋವೆನ್ಸ್ ಇರಲಿ. ಆ ಹೆಸರಿನ ಬ್ರಿಟಿಷ್ ಕಂಪನಿ 2017ರಲ್ಲಿ ಮುಚ್ಚಿತು, ಆದರೆ ಅದರ ಮೂರು ಕೊಕ್ಕೆಯ ಎಸ್ ಮೌಂಟು ಉಳಿದಿದೆ. ಹತ್ತಾರು ಕಂಪನಿಗಳ ಬಾಕ್ಸು ಅದಕ್ಕೆ ಕೂರುತ್ತದೆ, ಮಂಗಳೂರಿನಲ್ಲೇ ಸಿಗುತ್ತದೆ. ಫ್ಲಾಶ್ ಬದಲಾಯಿಸಿದರೂ ಬಾಕ್ಸು ಹೊಸದು ಬೇಕಾಗುವುದಿಲ್ಲ. ಕೊಳ್ಳುವಾಗ ಬಾಕ್ಸನ್ನು ಹಾಕಿ, ಅದರ ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಕೊಕ್ಕೆ ಸಡಿಲಿದ್ದರೆ ತೂಕಕ್ಕೆ ಮುಂದಕ್ಕೆ ಜೋತುಬೀಳುತ್ತದೆ. ಸ್ಟ್ಯಾಂಡಿಗೆ ಮರಳಿನ ಚೀಲ ಕಟ್ಟಲೇಬೇಕು. ಕಡಲ ಮರಳು ತುಂಬಬೇಡಿ, ಅದರ ಉಪ್ಪು ತೇವ ಎಳೆದು ಸ್ಟ್ಯಾಂಡಿನ ಕಾಲಿಗೆ ತುಕ್ಕು ಹಿಡಿಸುತ್ತದೆ.

ವಿದ್ಯುತ್ತಿನಲ್ಲಿ ಓಡುವ ಫ್ಲಾಶಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು ಕಡ್ಡಾಯ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಪ್ರತಿ ಮಿಂಚಿನ ನಂತರ ಕೆಪಾಸಿಟರ್ ತುಂಬಲು ಒಮ್ಮೆಲೇ ಹೆಚ್ಚು ಕರೆಂಟು ಎಳೆಯುವುದನ್ನು ಅದು ತಾಳುವುದಿಲ್ಲ. ವೋಲ್ಟೇಜು ಇಳಿದಾಗ ಫ್ಲಾಶ್ ತುಂಬಲು ನಿಧಾನವಾಗುತ್ತದೆ, ತುಂಬುವ ಮುಂಚೆ ಒತ್ತಿದರೆ ಚಿತ್ರ ಕಪ್ಪಾಗುತ್ತದೆ. ಬೀಪ್ ಶಬ್ದ ಹಾಕಿಟ್ಟುಕೊಳ್ಳಿ. ಮಾಡೆಲಿಂಗ್ ಲ್ಯಾಂಪಿನ ಹ್ಯಾಲೊಜೆನ್ ಬಲ್ಬನ್ನೂ ಟ್ಯೂಬನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಅಂಟಿದಲ್ಲಿ ಗಾಜು ಕಾದು ಸೀಳುತ್ತದೆ. ಕೆಟ್ಟ ಫ್ಲಾಶನ್ನು ಮನೆಯಲ್ಲಿ ಬಿಚ್ಚುವುದಂತೂ ಬೇಡವೇ ಬೇಡ. ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ.

ಆಟಿ ತಿಂಗಳ ಮಳೆಯಲ್ಲಿ ಕೆಲಸ ಕಡಿಮೆ, ಸಾಮಾನು ಹಾಳಾಗುವುದು ಹೆಚ್ಚು. ಸಾಫ್ಟ್‌ಬಾಕ್ಸಿನ ಬಿಳಿ ಪರದೆ ಕಾವು, ತೇವ ಎರಡಕ್ಕೂ ಹಳದಿಯಾಗುತ್ತದೆ. ಹೊಸ ಬಾಕ್ಸೊಂದು ಹಳೆ ಬಾಕ್ಸೊಂದು ಸೇರಿಸಿ ಬಳಸಿದರೆ ಮುಖದ ಎರಡು ಬದಿಗೆ ಎರಡು ಬಣ್ಣ ಬರುವುದು ಇದರಿಂದಲೇ. ಎರಡರ ಪರದೆಯನ್ನೂ ಒಟ್ಟಿಗೆ ಬದಲಾಯಿಸಿ. ಒದ್ದೆ ಇರುವಾಗ ಬಾಕ್ಸನ್ನು ಮಡಚಿ ಚೀಲಕ್ಕೆ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಕಡ್ಡಿಯ ತುದಿಗೆ ತುಕ್ಕು ಬಂದು ಬಟ್ಟೆಯ ಮೇಲೆ ಕಂದು ಕಲೆ ಕೂರುತ್ತದೆ. ಟ್ರಿಗರಿನಿಂದ ಸೆಲ್ಲು ತೆಗೆದಿಡಿ. ಬ್ಯಾಟರಿ ಫ್ಲಾಶನ್ನು ಪೂರ್ತಿ ಖಾಲಿಯಾಗಿಯೂ ಪೂರ್ತಿ ತುಂಬಿಯೂ ಇಡದೆ, ಅರ್ಧ ಚಾರ್ಜಿನಲ್ಲಿ ಸಿಲಿಕಾ ಜೆಲ್ ಜೊತೆಗೆ ಮುಚ್ಚಳದ ಡಬ್ಬಿಯಲ್ಲಿಡಿ. ಕರೆಂಟಿನ ಫ್ಲಾಶನ್ನು ತಿಂಗಳಿಗೊಮ್ಮೆ ಆನ್ ಮಾಡಿ ಅರ್ಧ ಗಂಟೆ ಬಿಡಿ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದ ಕೆಪಾಸಿಟರ್ ಒಮ್ಮೆಲೇ ಪೂರ್ಣ ಬಲಕ್ಕೆ ಏರಿಸಿದರೆ ಕೆಡುವ ಸಂಭವ ಹೆಚ್ಚು. ಮಳೆ ಕಳೆದು ಮದುವೆಯ ಕಾಲ ಶುರುವಾಗುವಾಗ ಮೊದಲ ಹತ್ತು ಮಿಂಚು ಕನಿಷ್ಠ ಬಲದಲ್ಲಿ, ಆಮೇಲೆ ಹತ್ತು ಅರ್ಧ ಬಲದಲ್ಲಿ, ಪೂರ್ಣ ಬಲ ಅದಾದ ಮೇಲೆ.